ಕಪ್ಪು-ಬಿಳುಪು ಫೋಟೋಗೆ ಆರೂ ಟ್ಯಾಂಕಿಗೆ ಮಾನೋಕ್ರೋಮ್ ಇಂಕು ತುಂಬಿಸಬಹುದಾ?

ಇಳಕಲ್ ಮಗ್ಗ (ಬಾಗಲಕೋಟೆ):
ನಮಸ್ಕಾರ. ಎರಡು ವರ್ಷದಿಂದ ಇಳಕಲ್ಲಿನ ನೇಕಾರರ ಫೋಟೋ ತೆಗೆಯುತ್ತಿದ್ದೇನೆ, ಎಲ್ಲ ಕಪ್ಪು-ಬಿಳುಪು. ಮನೆಯಲ್ಲಿ ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ಇದೆ, ಡೈ ಇಂಕು (ನೀರಿನಲ್ಲಿ ಕರಗಿದ ಬಣ್ಣ). ಒಂದೇ ಪ್ರಿಂಟು ಟ್ಯೂಬ್‌ಲೈಟ್ ಕೆಳಗೆ ಹಸಿರು ಹೊಡೆಯುತ್ತದೆ, ಅಂಗಳಕ್ಕೆ ತಂದರೆ ಕೆಂಪಗೆ ಕಾಣುತ್ತದೆ. ಲಾಳಿ ಹಿಡಿದ ಅಜ್ಜಿಯೊಬ್ಬರ ಕೈ ಫೋಟೋ ಅವರಿಗೇ ಕೊಡೋಣ ಅಂತ ಒಯ್ದರೆ, ಅವರು ಲೈಟಿಗೆ ಹಿಡಿದು ನೋಡಿ "ಯಾಕಪಾ, ನನ್ನ ಕೈಗೆ ಪಾಚಿ ಕಟ್ಟೇತೇನು?" ಅಂದರು.

ಅದಕ್ಕೇ ಆರೂ ಟ್ಯಾಂಕಿಗೆ ಮಾನೋಕ್ರೋಮ್ ಸೆಟ್, ಅಂದರೆ ಬಣ್ಣದ ಬದಲು ಬರೀ ಕಪ್ಪು ಮತ್ತು ಬೂದು ಇಂಕುಗಳು, ತುಂಬಿಸೋಣ ಅಂತಿದ್ದೇನೆ. ವಾರ್ಮ್ (ಕಂದು ಛಾಯೆ), ನ್ಯೂಟ್ರಲ್ (ಶುದ್ಧ ಬೂದು), ಕೂಲ್ (ನೀಲಿ ಛಾಯೆ) ಅಂತ ಇವೆಯಲ್ಲ, ಯಾವುದು ತಗೊಳ್ಳಲಿ? ಗೋಡೆಗೆ ಹಾಕುವ ಪ್ರಿಂಟು, ವರ್ಷಗಟ್ಟಲೆ ಬಾಳಬೇಕು.

ಮಳೆನಾಡಿನ ಅಂಚು (ಬೆಳಗಾವಿ):
ತಮ್ಮಾ, ಆ ಪ್ರಿಂಟರಿನಲ್ಲಿ ಕಪ್ಪು ಇಂಕು ಒಂದೇ ಇರೋದು. ಬೂದು ಬೇಕಾದಾಗ ಸಯಾನ್, ಮಜೆಂಟಾ, ಹಳದಿ ಬೆರೆಸಿ ಹೊಂದಿಸುತ್ತದೆ. ಬೆಳಕು ಬದಲಾದರೆ ಆ ಹೊಂದಿಕೆ ಕೆಡುತ್ತದೆ. ಅಜ್ಜಿ ಕಂಡ ಪಾಚಿ ಅದೇ.

ಬಾಳಿಕೆ ಬೇಕಂದ್ರೆ ಕಾರ್ಬನ್ ಪಿಗ್ಮೆಂಟ್ ತಗೋ, ಡೈ ಥರ ಕರಗಿದ್ದಲ್ಲ, ಸಣ್ಣ ಪುಡಿ ತೇಲುವ ಇಂಕು. ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡ್ತಿದ್ದರಲ್ಲ, ಅದೇ ಜಾತಿಯ ಮಸಿ, ಬಿಸಿಲಿಗೆ ಸುಲಭಕ್ಕೆ ಮಾಸೋದಿಲ್ಲ. ಆದರೆ ತೆಳುವಾದ ಹಾಗೆಲ್ಲ ಕಂದು ಕಡೆ ವಾಲುತ್ತದೆ. ನ್ಯೂಟ್ರಲ್ ಸೆಟ್‌ಗಳಲ್ಲಿ ಅದನ್ನು ಸರಿದೂಗಿಸೋಕೆ ಸ್ವಲ್ಪ ನೀಲಿ ಸೇರಿಸಿರುತ್ತಾರೆ, ಆ ನೀಲಿ ಕಾರ್ಬನ್ನಿನಷ್ಟು ಬಾಳುವುದಿಲ್ಲ. ಚರ್ಮ, ನೂಲು, ಕಟ್ಟಿಗೆ ಮಗ್ಗ ಅಂದ್ರೆ ನನ್ನ ಕಣ್ಣಿಗೆ ವಾರ್ಮೇ ಚೆಂದ.

ಅದಕ್ಕೂ ಮೊದಲು ಕಾಗದ ಯಾವುದು ಅಂತ ಗಟ್ಟಿ ಮಾಡ್ಕೋ. ಕಪ್ಪು ಪಿಗ್ಮೆಂಟಿನಲ್ಲಿ ಎರಡು ಜಾತಿ: ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್, ಹೊಳೆಯುವ ಗ್ಲಾಸಿ ಕಾಗದಕ್ಕೆ ಫೋಟೋ ಬ್ಲ್ಯಾಕ್. ಮ್ಯಾಟ್ ಬ್ಲ್ಯಾಕ್ ಗ್ಲಾಸಿ ಕಾಗದದ ಮೇಲೆ ಕೂರುವುದಿಲ್ಲ, ಬೆರಳು ಸವರಿದರೆ ಮಸಿ ಕೈಗೆ ಬರುತ್ತದೆ. ಫೋಟೋ ಬ್ಲ್ಯಾಕ್ ಮ್ಯಾಟ್ ಕಾಗದಕ್ಕೆ ಹಾಕಿದರೆ ಕಪ್ಪು ಅನ್ನೋದು ಬೂದಿ ಬಳಿದ ಹಾಗೆ. ನಾನು ಬಳಸೋದು ಹತ್ತಿಯ ಮ್ಯಾಟ್ ಕಾಗದ. ಜುಲೈ ಮಳೆಗೆ ಅದರ ಅಂಚು ಹಪ್ಪಳದ ಹಾಗೆ ಏಳುತ್ತದೆ, ಹೆಡ್ಡು ಉಜ್ಜಿ ಗೀರು ಬೀಳುತ್ತದೆ. ಅದು ಬೇರೆ ಗೋಳು ಬಿಡು.

ಗುಮ್ಮಟದ ನೆರಳು (ವಿಜಯಪುರ):
ಇಂಕು ತರೋ ಮುಂಚೆ ಸಾಫ್ಟ್‌ವೇರ್ ನೋಡ್ರಿ. ಮಜೆಂಟಾ ಟ್ಯಾಂಕಿನಲ್ಲಿ ಈಗ ಬೂದು ಇದೆ ಅಂತ ಮಾಮೂಲಿ ಡ್ರೈವರಿಗೆ ಹೆಂಗೆ ಗೊತ್ತಾಗಬೇಕು? ಯಾವ ಟ್ಯಾಂಕಿನಿಂದ ಎಷ್ಟು ಇಂಕು ಬರಬೇಕು ಅಂತ ನಾವೇ ಹೇಳುವ ಕ್ವಾಡ್‌ಟೋನ್ ರಿಪ್ ಥರದ ಸಾಫ್ಟ್‌ವೇರ್ ಬೇಕಾಗುತ್ತದೆ. ನಿಮ್ಮ ಮಾಡೆಲ್ ಅದಕ್ಕೆ ಹೊಂದುತ್ತದಾ ಅಂತ ಖಾತ್ರಿ ಮಾಡ್ಕೊಳ್ರಿ, ಇಲ್ಲಾಂದ್ರೆ ರೊಕ್ಕ ಹೋಯ್ತು. ಆಮೇಲೆ ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲಿನ ಬೂದು ಪಟ್ಟಿ ಪ್ರಿಂಟ್ ತೆಗೆದು, ಅಳೆದು, ಕರ್ವ್ (ಯಾವ ಬೂದಿಗೆ ಎಷ್ಟು ಇಂಕು ಅನ್ನೋ ಲೆಕ್ಕ) ಹೊಂದಿಸಬೇಕು. ನಾನು ಅದೆಲ್ಲ ಯಾರು ಮಾಡ್ತಾರೆ ಅಂತ ನೇರ ಇಬ್ರಾಹಿಂ ರೋಜಾದ ಫೋಟೋ ಪ್ರಿಂಟ್ ತೆಗೆದೆ. ನೆರಳಿನ ಕಡೆಯ ಕೆತ್ತನೆಯೆಲ್ಲ ನುಂಗಿ ಹೋಗಿ ಬರೀ ಡಾಂಬರು ಬಳಿದ ಗೋಡೆ ಬಂತು.

ಇನ್ನೊಂದು, ಪಿಗ್ಮೆಂಟ್ ತಳ ಹಿಡಿಯುತ್ತದೆ, ಬಾಟಲಿ ಅಲುಗಾಡಿಸಿ ಹಾಕಬೇಕು. ನಮ್ಮ ಕಡೆ ಮೇ ತಿಂಗಳ ಒಣ ಬಿಸಿಲಿಗೆ ವಾರ ಸುಮ್ನೆ ಬಿಟ್ಟರೂ ನಾಜಲ್ (ಇಂಕು ಚಿಮ್ಮುವ ಸಣ್ಣ ತೂತು) ಕಟ್ಟುತ್ತದೆ. ಪೈಪಿನಲ್ಲಿರೋ ಹಳೆ ಡೈ ಪೂರ್ತಿ ತೊಳೀಬೇಕು. ಮತ್ತೆ ಬಣ್ಣಕ್ಕೆ ವಾಪಸ್ ಬರೋದು ಸುಲಭ ಅಲ್ಲ. ಮನೆಯಲ್ಲಿ ಮಕ್ಕಳ ಪ್ರಾಜೆಕ್ಟಿಗೂ ಅದೇ ಪ್ರಿಂಟರ್ ಆಗಿದ್ರೆ ಜಗಳ ಖಂಡಿತ.

ಹಳೇ ಲೆನ್ಸ್ (ಜಮಖಂಡಿ):
ಇಷ್ಟೆಲ್ಲ ಯಾಕೆ? ಎಪ್ಸನ್ನಿನ ಕೆ3 ಇಂಕು 2005ರಲ್ಲೇ ಬಂತು. ಕಪ್ಪು, ತಿಳಿಗಪ್ಪು, ಇನ್ನೂ ತಿಳಿಗಪ್ಪು, ಒಟ್ಟು ಮೂರು. ಅಂಥ ಪ್ರಿಂಟರಿನ ಕಪ್ಪು-ಬಿಳುಪು ಮೋಡ್‌ನಲ್ಲಿ ಬಣ್ಣದ ಇಂಕು ಚೂರೇ ಚೂರು ಖರ್ಚಾಗುತ್ತದೆ, ಬಣ್ಣದ ಫೋಟೋನೂ ತೆಗೀಬಹುದು. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ತಗೊಳ್ಳಿ, ಆದರೆ ನಾಜಲ್ ಚೆಕ್ (ತೂತು ಕಟ್ಟಿದೆಯಾ ಅಂತ ತೋರಿಸುವ ಪರೀಕ್ಷೆ ಪ್ರಿಂಟು) ಎದುರಿಗೇ ಮಾಡಿಸಿ.

ಇಳಕಲ್ ಮಗ್ಗ:
ಜಗಳ ಈಗಲೇ ಶುರುವಾಗಿದೆ ಸರ್, ಮಗಳ ಚಾರ್ಟ್ ಅದರಲ್ಲೇ ಆಗಬೇಕಂತೆ. ಬೆಳಗಾವಿ ಅಣ್ಣಾ, ಅಜ್ಜಿ ಕೈ ಫೈಲ್ ಕಳಿಸಲಾ? ಒಂದು ವಾರ್ಮ್ ಪ್ರಿಂಟ್ ತೆಗೆದು ಪೋಸ್ಟ್ ಮಾಡ್ತೀರಾ? ಖರ್ಚು ನಂದು. ಅವರ ಮನೆ ಟ್ಯೂಬ್‌ಲೈಟ್ ಕೆಳಗೇ ಇಟ್ಟು ನೋಡ್ತೇನೆ.

ಮಳೆನಾಡಿನ ಅಂಚು:
ಕಳಿಸು. ಎರಡು ದಿನ ಬಿಸಿಲು ಬೀಳಲಿ, ಕಾಗದ ಚಪ್ಪಟೆ ಆದ ಮೇಲೆ ತೆಗೆದು ಕಳಿಸ್ತೇನೆ.