ಒಂದು ಕುದುರಿ ಲಾಭ, ಆದ್ರೂ ಚೆಸ್ ಇಂಜಿನ್ ನನ್ನ ಮೂವ್ ತಪ್ಪು ಅಂತೈತಿ, ಯಾಕ್ರಿ?

ಗಂಗಾವತಿ_ಪಾನ್:
ನಮಸ್ಕಾರ್ರಿ ಎಲ್ಲಾರ್ಗೂ. ಚೆಸ್‌ನಾಗ ನಾ ಹೊಸಬ, ಮೊಬೈಲ್‌ನಾಗ ಆಡ್ತೀನಿ. ಆಟ ಮುಗದ ಮ್ಯಾಲೆ ಅನಾಲಿಸಿಸ್ ನೋಡಿದ್ರ ಇಂಜಿನ್, ಅಂದ್ರ ಮೂವ್ ಲೆಕ್ಕ ಹಾಕೋ ಪ್ರೋಗ್ರಾಂ, ಇದು ತಪ್ಪು ಅಂತ ತೋರಸ್ತೈತಿ, ಯಾಕ ತಪ್ಪು ಅನ್ನೋದು ಹೇಳಂಗಿಲ್ಲ. ನಿನ್ನೆ ಕರಿ ಕಾಯಿ ನಂದು. ಅವನ ಪಾನ್ (ಸಿಪಾಯಿ) ಇ4, ನಂದು ಇ5 (ಅಕ್ಷರ-ನಂಬರ್ ಅಂದ್ರ ಬೋರ್ಡಿನ ಮನಿ ಹೆಸರು), ಅವನ ಕುದುರಿ ಎಫ್3, ನನ್ನ ಕುದುರಿ ಸಿ6, ಅವನ ಒಂಟಿ ಸಿ4, ನನ್ನ ಇನ್ನೊಂದು ಕುದುರಿ ಎಫ್6. ಅಂವ ಮತ್ತ ಅದ ಕುದುರಿ ಎತ್ತಿ ಜಿ5ಕ್ಕ ಇಟ್ಟ, ನಾ ಪಾನ್ ಡಿ5ಕ್ಕ ದೂಡಿದೆ, ಅಂವ ಪಾನ್‌ಲೆ ಹೊಡದ, ನಾ ಕುದುರಿಲೆ ತಿರುಗಿ ಹೊಡದೆ, ಲೆಕ್ಕ ಸಮ ಆತಲ್ರಿ? ಅಲ್ಲೇ ಕೆಂಪು ಮಾರ್ಕ್! ಆಮ್ಯಾಲೆ ಅಂವ ಎಫ್7 ಪಾನ್ ಸಲುವಾಗಿ ಕುದುರಿನ ಕೊಟ್ಟ, ಆದ್ರೂ ಬಿಳಿಗೇ ಚಲೋ ಅಂತೈತಿ. ಓಪನಿಂಗ್, ಅಂದ್ರ ಆಟದ ಶುರುವಿನ ಮೂವ್, ಎಲ್ಲಾ ಬಾಯಿಪಾಠ ಮಾಡಬೇಕೇನ್ರಿ?

ಬಳ್ಳಾರಿ ಆನಿ:
ತಮ್ಮಾ, ಇದಕ್ಕ ಫ್ರೈಡ್ ಲಿವರ್ ಅಟ್ಯಾಕ್ ಅಂತಾರ, ಇಟಲಿಯ ಆಟಗಾರ ಪೊಲೆರಿಯೊ 1600ರ ಆಸುಪಾಸಿನಾಗ ಆಡಿದ್ದು, ಇವತ್ತಿಗೂ ಮಂದಿ ಬೀಳ್ತಾರ. ನೀ ಕಾಯಿ ಎಣಸ್ತೀ, ಇಂಜಿನ್ ರಾಜನ್ನ ನೋಡತೈತಿ. ಶುರುವಿನಾಗ ಎಫ್7ಕ್ಕ ರಾಜ ಒಬ್ನ ಕಾವಲು. ಅಂವ ಕುದುರಿ ಕೊಟ್ಟ, ನಿನ್ನ ರಾಜ ಹೊಡದ, ಅವನ ರಾಣಿ ಎಫ್3ಕ್ಕ ಬಂದು ಚೆಕ್ ಕೊಟ್ಲು. ಈಗ ಡಿ5 ಮ್ಯಾಲಿನ ನಿನ್ನ ಕುದುರಿ ಮ್ಯಾಲೆ ರಾಣಿ ಕಣ್ಣೂ ಐತಿ, ಒಂಟಿ ಕಣ್ಣೂ ಐತಿ. ಅದನ್ನ ಉಳಿಸಾಕ ರಾಜ ಇ6ಕ್ಕ, ಅಂದ್ರ ಬಯಲಿಗೆ ಬರಬೇಕು, ಅಷ್ಟರಾಗ ಅವನ ಇನ್ನೊಂದು ಕುದುರಿ ಸಿ3ಕ್ಕ ಬಂದು ಮತ್ತ ಅದನ್ನ ಒತ್ತತೈತಿ. ಡಿ5ದಾಗ ಹೊಡದ ಅವನ ಪಾನ್ ತಿರುಗಿ ಹೊಡಿಬ್ಯಾಡ. ಸಿ6 ಕುದುರಿ ಎ5ಕ್ಕ ಇಟ್ಟು ಒಂಟಿನ ಎಬ್ಬಿಸು, ಒಂದು ಪಾನ್ ಹೋದ್ರ ಹೋಗ್ಲಿ, ನಿನ್ನ ಕಾಯಿ ಬ್ಯಾಗ ಹೊರಗ ಬರ್ತಾವು.

ಸಿಂಧನೂರು64:
ಅಣ್ಣಾರು ಹೇಳಿದ್ದು ಖರೆ, ಆದ್ರ ನಾಳೆ ಬ್ಯಾರೆ ಕಡೆ ಸಿಕ್ಕೊಂಡ್ರ ಏನು ಮಾಡ್ತೀರಿ? ಮೊದ್ಲ ಇಂಜಿನ್ ಆಫ್ ಮಾಡಿ ನೀವ ಕಾರಣ ಹುಡುಕ್ರಿ, ಆಮ್ಯಾಲೆ ಆನ್ ಮಾಡಿ ಇಂಜಿನ್‌ಗ ಎದುರು ವಾದ ಹಾಕ್ರಿ, ಅಂದ್ರ ನಿಮಗ ಸರಿ ಅನ್ನಿಸಿದ ಮೂವ್ ಬೋರ್ಡ್ ಮ್ಯಾಲೆ ಇಟ್ಟು ಅದು ಏನು ಉತ್ತರ ಕೊಡತೈತಿ ನೋಡ್ರಿ, ಅದಕ್ಕ ಮತ್ತ ನಿಮ್ಮ ಉತ್ತರ ಇಡ್ರಿ, ಎರಡ್ಮೂರು ಮೂವ್‌ನಾಗ ಗುಟ್ಟು ಹೊರಗ ಬೀಳತೈತಿ. ಲಿಚೆಸ್‌ನಾಗ (ಚೆಸ್ ವೆಬ್‌ಸೈಟ್) ಇದೆಲ್ಲಾ ಫ್ರೀ. ಇಂಜಿನ್ ತೋರಸೋ ನಂಬರ್ ಪ್ಲಸ್ 1 ಅಂದ್ರ ಬಿಳಿಗೆ ಹೆಚ್ಚುಕಮ್ಮಿ ಒಂದು ಪಾನ್ ಅಷ್ಟು ಲಾಭ, ಮೈನಸ್ ಅಂದ್ರ ಕರಿಗೆ. 0.3 ಹಂಗ ಇದ್ರ ನಮ್ಮಂಥೋರು ತಲಿ ಕೆಡಿಸ್ಕೊಳ್ಳೋದು ಬ್ಯಾಡ.

ಕೊಪ್ಪಳ ಚೆಕ್:
ಬಾಯಿಪಾಠ ಗೀಯಿಪಾಠ ಬಿಡ್ರಿ, ಎದುರಿನಂವ ಪುಸ್ತಕದಾಗಿನ ಮೂವ್ ಆಡಂಗಿಲ್ಲ 😄 ಕಾಯಿ ಹೊರಗ ತಗೀರಿ, ಲಗೂನ ಕ್ಯಾಸಲಿಂಗ್ (ರಾಜನ್ನ ಆನಿ ಕಡೆ ಸರಿಸಿ ಭದ್ರ ಮಾಡೋದು) ಮಾಡ್ರಿ.

ಗಂಗಾವತಿ_ಪಾನ್:
ಭಾಳ ಥ್ಯಾಂಕ್ಸ್ ರಿ. ಎಫ್6 ಕುದುರಿ ಬದ್ಲಿ ನನ್ನ ಒಂಟಿ ಸಿ5ಕ್ಕ ತಂದ್ರ ಈ ಕಾಟ ಇರಂಗಿಲ್ಲೇನ್ರಿ?

ಬಳ್ಳಾರಿ ಆನಿ:
ಇರಂಗಿಲ್ಲ. ಎಫ್6 ಕುದುರಿ ನಿನ್ನ ರಾಣಿ ದಾರಿಗೆ ಅಡ್ಡ ನಿಂತಿತ್ತು. ಈಗ ಅವನ ಕುದುರಿ ಜಿ5ಕ್ಕ ಬಂದ್ರ ರಾಣಿಲೆ ಪುಕ್ಕಟ ಹೊಡಿ. ಆದ್ರ ಅಂವ ಮೊದ್ಲ ಡಿ ಪಾನ್ ಸರಿಸಿದ್ರ ಅವನ ಹಿಂದಿನ ಒಂಟಿ ಜಿ5 ಕಾಯ್ತಿರತೈತಿ, ಆವಾಗ ಹೊಡದ್ರ ರಾಣಿ ಹೋಗತೈತಿ.