ಕಾರ್ಬನ್ ಎಳೆಯ ಮೇಲಿನ ನಿಕಲ್ ಲೇಪನ: ಇಮೇಜ್‌ಜೆಯ ಅಳತೆಗೂ ತೂಕದ ಲೆಕ್ಕಕ್ಕೂ ಏಕೆ ತಾಳೆಯಾಗುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಮಾರು 7 ಮೈಕ್ರಾನ್ ವ್ಯಾಸದ ಕಾರ್ಬನ್ ಎಳೆಗಳ ಕಟ್ಟಿನ ಮೇಲೆ ವಿದ್ಯುಲ್ಲೇಪನದಿಂದ ನಿಕಲ್ ಕೂರಿಸಿದ್ದೇನೆ. ಮೊದಲು ಎಳೆಗಳನ್ನು ಮಲಗಿಸಿ ಚಿತ್ರ ತೆಗೆದು, ಹೊರವ್ಯಾಸದಿಂದ 7 ಮೈಕ್ರಾನ್ ಕಳೆದು ಅರ್ಧ ಮಾಡಿದೆ; ಕೆಲವು ಎಳೆಗಳಲ್ಲಿ ಲೇಪನದ ದಪ್ಪ ಸೊನ್ನೆಗಿಂತಲೂ ಕಡಿಮೆ ಬಂದಿತು. ಆ ದಾರಿಯನ್ನು ಬಿಟ್ಟು, ಕಟ್ಟನ್ನು ಎಪಾಕ್ಸಿಯಲ್ಲಿ (ಗಟ್ಟಿಯಾಗುವ ಅಂಟಿನಲ್ಲಿ) ಕೂರಿಸಿ, ಅಡ್ಡ ಕತ್ತರಿಸಿ ನಯಗೊಳಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 20 ಕಿಲೋವೋಲ್ಟ್‌ನಲ್ಲಿ ಸೆಕೆಂಡರಿ ಎಲೆಕ್ಟ್ರಾನ್ ಚಿತ್ರಗಳನ್ನು (ಮಾದರಿಯ ಮೇಲ್ಮೈಯಿಂದ ಹೊರಬೀಳುವ ಎಲೆಕ್ಟ್ರಾನುಗಳಿಂದ ಮೂಡುವ ಚಿತ್ರಗಳನ್ನು) ತೆಗೆದೆ. ಚಿತ್ರದ ಅಗಲ 1280 ಪಿಕ್ಸೆಲ್, ಅಂದರೆ 64 ಮೈಕ್ರಾನ್. ಚಿತ್ರಗಳನ್ನು ಅಳೆಯುವ ತಂತ್ರಾಂಶವಾದ ಇಮೇಜ್‌ಜೆಯಲ್ಲಿ ಸೆಟ್ ಸ್ಕೇಲ್ ಮಾಡಿಕೊಂಡು (ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಎಂದು ತಿಳಿಸಿ), ಪ್ರತಿ ಎಳೆಯ ಸುತ್ತ ನಾಲ್ಕು ಕಡೆ ಕೈಯಿಂದಲೇ ಗೆರೆ ಎಳೆದು ಅಳೆದಾಗ ಸರಾಸರಿ 0.36 ಮೈಕ್ರಾನ್ ಬಂದಿತು. ಆದರೆ ಲೇಪನಕ್ಕೆ ಮೊದಲು ಮತ್ತು ಅನಂತರ ತೂಗಿ ನೋಡಿದರೆ ಒಟ್ಟು ತೂಕದಲ್ಲಿ ನಿಕಲ್ ಶೇ. 43ರಷ್ಟು ಮಾತ್ರ ಇದೆ. ಯಾವುದನ್ನು ನಂಬಬೇಕು?

ಉತ್ತರ 1

ಸದ್ಯಕ್ಕೆ ತಕ್ಕಡಿಯನ್ನು ನಂಬಿ. ನಿಕಲ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 8.9 ಗ್ರಾಂ, ಕಾರ್ಬನ್ ಎಳೆಯದು ಸುಮಾರು 1.76 ಗ್ರಾಂ ಎಂದು ಹಿಡಿದರೆ, 3.5 ಮೈಕ್ರಾನ್ ತ್ರಿಜ್ಯದ ಎಳೆಯ ಮೇಲೆ ಕೇವಲ 0.25 ಮೈಕ್ರಾನ್ ನಿಕಲ್ ಕುಳಿತರೂ ಒಟ್ಟು ತೂಕದಲ್ಲಿ ಅದರ ಪಾಲು ಸುಮಾರು ಶೇ. 43 ಆಗುತ್ತದೆ. ಇಷ್ಟು ತೆಳುವಾದ ಪದರ ಇಷ್ಟು ತೂಗುತ್ತದೆ ಎಂಬುದು ಮೊದಲ ಸಲ ಲೆಕ್ಕ ಹಾಕುವವರಿಗೆ ನಂಬಲು ಕಷ್ಟ.

ಸೊನ್ನೆಗಿಂತ ಕಡಿಮೆ ದಪ್ಪ ಬಂದದ್ದು ಸಹಜವೇ ಆಗಿದೆ. 7 ಮೈಕ್ರಾನ್ ಎಂಬುದು ಸರಾಸರಿ ವ್ಯಾಸ; ಒಂದೇ ಕಟ್ಟಿನಲ್ಲಿಯೂ ಎಳೆಯಿಂದ ಎಳೆಗೆ ವ್ಯಾಸ ಬದಲಾಗುತ್ತದೆ, ಮತ್ತು ಆ ವ್ಯತ್ಯಾಸವೇ ನೀವು ಹುಡುಕುತ್ತಿರುವ ಲೇಪನದ ದಪ್ಪವನ್ನು ನುಂಗಿಹಾಕಬಲ್ಲದು. ಆದ್ದರಿಂದ ಒಳಗಡಿ ಮತ್ತು ಹೊರಗಡಿ ಎರಡನ್ನೂ ಒಂದೇ ಎಳೆಯ ಒಂದೇ ಅಡ್ಡಛೇದದಲ್ಲಿ ಅಳೆಯಲೇಬೇಕು. ಅಡ್ಡಛೇದಕ್ಕೆ ಹೋದದ್ದು ಒಳ್ಳೆಯದಾಯಿತು, ಆದರೆ ಅಲ್ಲಿ ಎಳೆಗಳು ನೆಟ್ಟಗೆ ನಿಂತಿವೆಯೇ? ಇಮೇಜ್‌ಜೆಯ ಫಿಟ್ ಎಲಿಪ್ಸ್ (ಅಂಚಿಗೆ ದೀರ್ಘವೃತ್ತ ಹೊಂದಿಸುವ ಆಯ್ಕೆ) ಬಳಸಿ ದೀರ್ಘ ಅಕ್ಷಕ್ಕೂ ಹ್ರಸ್ವ ಅಕ್ಷಕ್ಕೂ ಇರುವ ಅನುಪಾತವನ್ನು ತಿಳಿಸಿದರೆ ಮುಂದೆ ಹೇಳಬಹುದು.

ಪ್ರಶ್ನೆ ಕೇಳಿದವರು

ಹೆಚ್ಚಿನ ಎಳೆಗಳಲ್ಲಿ ಅನುಪಾತ 1.2ರ ಆಸುಪಾಸಿನಲ್ಲಿದೆ. ಎಲ್ಲವೂ ಒಂದೇ ದಿಕ್ಕಿಗೆ ಚಪ್ಪಟೆಯಾದಂತೆ ಕಾಣುತ್ತವೆ.

ಉತ್ತರ 1

ನೆಟ್ಟಗಿನ ಎಳೆಯ ಛೇದ ವೃತ್ತವಾಗಿಯೂ ವಾಲಿದ ಎಳೆಯದು ದೀರ್ಘವೃತ್ತವಾಗಿಯೂ ಕಾಣುತ್ತದೆ; ಹಾಗಾದರೆ ಕಟ್ಟು ಸುಮಾರು 34 ಡಿಗ್ರಿ ವಾಲಿದೆ. ದೀರ್ಘ ಅಕ್ಷದ ತುದಿಗಳಲ್ಲಿ ಲೇಪನ ಶೇ. 20ರಷ್ಟು ದಪ್ಪವಾಗಿ ಕಾಣುತ್ತದೆ, ಹ್ರಸ್ವ ಅಕ್ಷದ ತುದಿಗಳಲ್ಲಿ ನಿಜವಾದ ದಪ್ಪವೇ ಸಿಗುತ್ತದೆ. ನಾಲ್ಕು ಕಡೆಯ ಸರಾಸರಿಯಲ್ಲಿ ಇದು ಶೇ. 10ರಷ್ಟು ಹೆಚ್ಚಳ, ಅಂದರೆ 0.25 ಇದ್ದದ್ದು 0.275 ಆಗುತ್ತದೆಯೇ ಹೊರತು 0.36ಕ್ಕೆ ಏರುವುದಿಲ್ಲ. ಉಳಿದ 0.085 ಮೈಕ್ರಾನ್‌ಗೆ ಬೇರೆ ಕಾರಣ ಇರಬೇಕು.

ಉತ್ತರ 2

ಆ ಕಾರಣ ಪ್ರಶ್ನೆಯಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ನಿಮ್ಮ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ 0.05 ಮೈಕ್ರಾನ್, ಇಡೀ ಲೇಪನವೇ ಐದು ಪಿಕ್ಸೆಲ್. ಒಳ ಅಂಚಿನಲ್ಲಿ ಒಂದು, ಹೊರ ಅಂಚಿನಲ್ಲಿ ಒಂದು ಪಿಕ್ಸೆಲ್ ಹೊರಚಾಚಿ ಗೆರೆ ಎಳೆದರೆ ಸಾಕು, ಉಳಿದ ವ್ಯತ್ಯಾಸಕ್ಕೆ ಲೆಕ್ಕ ಸಿಕ್ಕಿತು. ಕೈಯಿಂದ ಎಳೆಯುವಾಗ ಹೀಗೆ ಚಾಚಿಕೊಳ್ಳುವುದಕ್ಕೆ ಚಿತ್ರವೂ ಕುಮ್ಮಕ್ಕು ಕೊಡುತ್ತದೆ. ಸೆಕೆಂಡರಿ ಎಲೆಕ್ಟ್ರಾನ್ ಚಿತ್ರದಲ್ಲಿ ಅಂಚುಗಳು ತಾವಾಗಿಯೇ ಬೆಳಗುತ್ತವೆ. ಜೊತೆಗೆ 20 ಕಿಲೋವೋಲ್ಟ್‌ನಲ್ಲಿ ಎಲೆಕ್ಟ್ರಾನುಗಳು ನಿಕಲ್‌ನೊಳಗೆ ಸುಮಾರು 1.4 ಮೈಕ್ರಾನ್‌ವರೆಗೆ ಹರಡುತ್ತವೆ. ವಾಲಿದ ಎಳೆಯಲ್ಲಿ ಮೇಲ್ಮೈಯ ಕೆಳಗೆ ಓರೆಯಾಗಿ ಇಳಿಯುವ ಲೇಪನದ ಭಾಗವೂ ಚಿತ್ರಕ್ಕೆ ಬೆಳಕು ಸೇರಿಸುತ್ತದೆ. 5 ಕಿಲೋವೋಲ್ಟ್‌ಗೆ ಇಳಿಸಿದರೆ ಆ ಹರವು ಸುಮಾರು 0.14 ಮೈಕ್ರಾನ್‌ಗೆ ಕುಗ್ಗುತ್ತದೆ.

ಆದ್ದರಿಂದ ಬ್ಯಾಕ್‌ಸ್ಕ್ಯಾಟರ್ ಚಿತ್ರವನ್ನು (ಹಿಂದಕ್ಕೆ ಚಿಮ್ಮುವ ಎಲೆಕ್ಟ್ರಾನುಗಳ ಚಿತ್ರ; ಇದರಲ್ಲಿ ಭಾರದ ಪರಮಾಣುಗಳು ಬೆಳ್ಳಗೆ ಕಾಣುತ್ತವೆ), ಕಡಿಮೆ ವೋಲ್ಟೇಜಿನಲ್ಲಿ, ಲೇಪನದ ದಪ್ಪ ಹದಿನೈದು ಪಿಕ್ಸೆಲ್ ಆದರೂ ಆಗುವಷ್ಟು ಹಿಗ್ಗಿಸಿ, ಟಿಫ್ ಕಡತದ ರೂಪದಲ್ಲಿ ಉಳಿಸಿಕೊಳ್ಳಿ. ಕಾರ್ಬನ್ ಎಳೆಯೂ ಎಪಾಕ್ಸಿಯೂ ಹಗುರ ಪರಮಾಣುಗಳವು, ಎರಡೂ ಕಪ್ಪಾಗಿ ಕಾಣುತ್ತವೆ. ನಡುವೆ ನಿಕಲ್ ಬಿಳಿಯ ಬಳೆಯಂತೆ ನಿಲ್ಲುತ್ತದೆ. ಎಲ್ಲ ಚಿತ್ರಗಳಿಗೂ ಒಂದೇ ಥ್ರೆಶೋಲ್ಡ್ (ಬಿಳಿ-ಕಪ್ಪು ಬೇರ್ಪಡಿಸುವ ಹೊಳಪಿನ ಮಿತಿ) ಹಾಕಿ ಬಳೆಯನ್ನು ಬೇರ್ಪಡಿಸಿ, ಫಿಲ್ ಹೋಲ್ಸ್ (ಬಳೆಯ ಒಳಗಿನ ಖಾಲಿ ಜಾಗ ತುಂಬುವ ಆಯ್ಕೆ) ಮಾಡಿದರೆ ಹೊರಗಿನ ಒಟ್ಟು ವಿಸ್ತೀರ್ಣ ಸಿಗುತ್ತದೆ. ಅದರಿಂದ ಬಳೆಯ ವಿಸ್ತೀರ್ಣ ಕಳೆದರೆ ಒಳ ಎಳೆಯದು. ವಾಲಿಕೆಯನ್ನು ಸರಿಪಡಿಸಲು ಎರಡೂ ವಿಸ್ತೀರ್ಣಗಳನ್ನು ಹ್ರಸ್ವ ಅಕ್ಷವನ್ನು ದೀರ್ಘ ಅಕ್ಷದಿಂದ ಭಾಗಿಸಿದ ಸಂಖ್ಯೆಯಿಂದ ಗುಣಿಸಿ, ಪ್ರತಿಯೊಂದನ್ನೂ π ಇಂದ ಭಾಗಿಸಿ ವರ್ಗಮೂಲ ತೆಗೆದು, ಹೊರಗಿನದರಿಂದ ಒಳಗಿನದನ್ನು ಕಳೆಯಿರಿ. ಬಳೆ ಎಲ್ಲಿಯಾದರೂ ಒಡೆದಿದ್ದರೆ ಫಿಲ್ ಹೋಲ್ಸ್ ಸದ್ದಿಲ್ಲದೆ ಕೈಕೊಡುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಉತ್ತರ 3

ನಾನು ರೇಷ್ಮೆ ಎಳೆಯ ಮೇಲಿನ ಅಂಟಾದ ಸೆರಿಸಿನ್ ಪದರದ ಮೇಲೆ ಕೆಲಸ ಮಾಡುವವನು. ನಿಮ್ಮ ಬಿಳಿ ಬಳೆಯನ್ನು ಕಂಡು ಹೊಟ್ಟೆಕಿಚ್ಚಾಗುತ್ತದೆ. ಸೆರಿಸಿನ್, ಒಳಗಿನ ಎಳೆಯಾದ ಫೈಬ್ರಾಯಿನ್ ಎರಡೂ ಪ್ರೋಟೀನುಗಳೇ ಆದ್ದರಿಂದ ಬ್ಯಾಕ್‌ಸ್ಕ್ಯಾಟರ್ ಚಿತ್ರದಲ್ಲಿ ಗಡಿಯೇ ಕಾಣುವುದಿಲ್ಲ. ಅಂಟು ತೆಗೆಯುವ ಮೊದಲು ಮತ್ತು ಅನಂತರ ತೂಗುವುದೇ ನಮಗೆ ಮುಖ್ಯ ಆಧಾರ. ಒಂದು ಮಾತು ಸೇರಿಸುತ್ತೇನೆ: ತೂಕದ ಲೆಕ್ಕ ಇಡೀ ಕಟ್ಟಿನ ಸರಾಸರಿ, ಚಿತ್ರದ ಲೆಕ್ಕ ನೀವು ಆರಿಸಿದ ಎಳೆಗಳದ್ದು. ಚೆನ್ನಾಗಿ ಕಾಣುವ ಎಳೆಗಳನ್ನೇ ಆರಿಸಿಕೊಂಡಿಲ್ಲವೇ?

ಪ್ರಶ್ನೆ ಕೇಳಿದವರು

ಆರಿಸಿಕೊಂಡಿದ್ದೆ ಎಂದು ಒಪ್ಪಿಕೊಳ್ಳಬೇಕು. ಒಂದಕ್ಕೊಂದು ತಾಗದೆ ಬಿಡಿಯಾಗಿ ನಿಂತಿದ್ದ ಎಳೆಗಳು ಅಳೆಯಲು ಸುಲಭವಾಗಿದ್ದವು, ಮತ್ತು ಅವೆಲ್ಲ ಕಟ್ಟಿನ ಹೊರಅಂಚಿನವು. ಈಗ 5 ಕಿಲೋವೋಲ್ಟ್‌ನಲ್ಲಿ ಪಿಕ್ಸೆಲ್‌ಗೆ 0.015 ಮೈಕ್ರಾನ್‌ನಂತೆ ಬ್ಯಾಕ್‌ಸ್ಕ್ಯಾಟರ್ ಚಿತ್ರಗಳನ್ನು ಹೊಸದಾಗಿ ತೆಗೆದು, ಕಟ್ಟಿನ ಅಂಚಿನಿಂದ ನಡುವಿನವರೆಗೆ ಒಂದು ಪಟ್ಟಿಯಲ್ಲಿ ಬಂದ ಎಳೆಗಳನ್ನೆಲ್ಲ ಬಿಡದೆ ಅಳೆದೆ. ಅಂಚಿನಲ್ಲಿ 0.30, ನಡುವೆ 0.19, ಒಟ್ಟು ಸರಾಸರಿ 0.26 ಬಂದಿದೆ. ದ್ರಾವಣವೂ ವಿದ್ಯುತ್ತೂ ಕಟ್ಟಿನ ಒಳಭಾಗಕ್ಕೆ ಸಮನಾಗಿ ತಲುಪುತ್ತಿಲ್ಲವೆಂದು ತೋರುತ್ತದೆ. ಮುಂದಿನ ಸಲ ಕಟ್ಟನ್ನು ಹರಡಿ ತೆಳುವಾದ ಪಟ್ಟಿಯಂತೆ ಮಾಡಿ ಲೇಪಿಸಿ, ಇದೇ ಕ್ರಮದಲ್ಲಿ ಅಳೆದು ಇಲ್ಲಿಯೇ ತಿಳಿಸುತ್ತೇನೆ.