ಸಹಾಯ ಬೇಕು: ಸಿಗ್ಯಾಸ್ ನಮ್ಮದೇ ಡಿಎನ್‌ಎ ಮೇಲೆ ಏಕೆ ಎರಗುವುದಿಲ್ಲ?

ನಮಸ್ಕಾರ. ತುಮಕೂರಿನಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಸೋಮವಾರ ಸೆಮಿನಾರ್. ತಿಪಟೂರಿನಿಂದ ಬರುವ ರೈಲಿನಲ್ಲಿ ಮೂರು ದಿನದಿಂದ ಇದನ್ನೇ ಓದಿ ತಲೆ ಕೆಟ್ಟುಹೋಗಿದೆ.

ಕೋಶದ್ರವದಲ್ಲಿ ಎಳೆಜೋಡಿ ಡಿಎನ್‌ಎ ಸಿಕ್ಕರೆ ಸಿಗ್ಯಾಸ್ (cGAS) ಎಂಬ ಕಾವಲು ಪ್ರೋಟೀನು ಸಿಗ್ಯಾಂಪ್ ಎಂಬ ಸಂದೇಶದ ಅಣುವನ್ನು ತಯಾರಿಸುತ್ತದೆ, ಅದು ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ವೈರಸ್ ವಿರುದ್ಧದ ಎಚ್ಚರಿಕೆಯಾಗಿ ಇಂಟರ್‌ಫೆರಾನ್ ಹೊರಡುತ್ತದೆ. ಡಿಎನ್‌ಎ ವೈರಸ್ಸಿನದೋ ನಮ್ಮದೋ ಎಂದು ಸಿಗ್ಯಾಸ್ ಅಕ್ಷರ ಓದಿ ನೋಡುವುದಿಲ್ಲ. ನಮ್ಮದು ಕೋಶಕೇಂದ್ರದೊಳಗೆ ಭದ್ರವಾಗಿದೆ, ಸೋರಿದ್ದನ್ನು ಟ್ರೆಕ್ಸ್1 ಎಂಬ ಕಿಣ್ವ ಕತ್ತರಿಸುತ್ತದೆ ಎಂದು ನೆಮ್ಮದಿಯಾಗಿದ್ದೆ. ನೋಡಿದರೆ ಸಿಗ್ಯಾಸ್ ಕೇಂದ್ರದೊಳಗೂ ಕುಳಿತಿದೆ! ನ್ಯೂಕ್ಲಿಯೋಸೋಮಿನ (ಪ್ರೋಟೀನುಗಳ ಉಂಡೆಗೆ ಡಿಎನ್‌ಎ ಸುತ್ತಿಕೊಂಡ ಘಟಕ) ಎಚ್2ಎ, ಎಚ್2ಬಿ ಪ್ರೋಟೀನುಗಳ ಆಮ್ಲೀಯ ಭಾಗ ಅದನ್ನು ಕಟ್ಟಿಹಾಕಿ, ಡಿಎನ್‌ಎ ಹಿಡಿಯುವ ಜಾಗವನ್ನೇ ಮುಚ್ಚುತ್ತದೆ ಎಂದು 2020ರ ರಚನಾ ಅಧ್ಯಯನಗಳು ತೋರಿಸಿವೆ. ಇಲ್ಲಿಯವರೆಗೆ ಅರ್ಥವಾಯಿತು.

ಸಿಕ್ಕಿಬಿದ್ದಿರುವುದು ಇಲ್ಲಿ: ಎರಡು ನ್ಯೂಕ್ಲಿಯೋಸೋಮ್‌ಗಳ ನಡುವೆ ಬರಿಯ ಡಿಎನ್‌ಎ ಇದ್ದೇ ಇದೆಯಲ್ಲ? ಮೇಷ್ಟರನ್ನು ಕೇಳಿದರೆ ನಕ್ಕು, ‘ನೀವೇ ಹುಡುಕಿ’ ಎಂದರು. ಬಿಎಎಫ್ ಎಂಬ ಪ್ರೋಟೀನು ಡಿಎನ್‌ಎಗಾಗಿ ಸಿಗ್ಯಾಸ್ ಜೊತೆ ಪೈಪೋಟಿ ಮಾಡುತ್ತದೆ ಎಂಬುದನ್ನೂ ಓದಿದೆ.

ಹಾಗಾದರೆ ಆ ಬರಿಯ ಭಾಗವನ್ನು ಸಿಗ್ಯಾಸ್ ಹಿಡಿಯದಿರುವುದು ಬಿಎಎಫ್‌ನಿಂದಲೋ, ಅಥವಾ ಕಟ್ಟಿಹಾಕಿಸಿಕೊಂಡ ಸಿಗ್ಯಾಸ್ ಇನ್ನೊಂದು ಸಿಗ್ಯಾಸ್ ಜೊತೆ ಜೋಡಿಯಾಗಲು (ಜೋಡಿಯಾದರೆ ತಾನೇ ಅದು ಕೆಲಸ ಮಾಡುವುದು) ಆಗದೆಯೋ? ಸೆಮಿನಾರಿನಲ್ಲಿ ಯಾವುದನ್ನು ಮುಖ್ಯ ಕಾರಣವೆಂದು ಹೇಳಲಿ?